ಹಳೇ ಇಂಗ್ಲಿಷ್ ರೈಫಲ್‌ಗೆ ಹೊಸ ಮರ ಹಾಕಿಸಬೇಕಾ? ಪರ–ವಿರೋಧ

ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚೆ ತಯಾರಾದ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆದು ತಳ್ಳುವ) ಬೇಟೆ ರೈಫಲ್‌ಗಳು ಇವತ್ತಿಗೂ ಸಾಕಷ್ಟು ಉಳಿದಿವೆ. ಮಾಡಿದ ಕಂಪನಿಗಳು ಲಂಡನ್ನಿನ ರಿಗ್ಬಿ, ಜೆಫ್ರಿ, ಹಾಲೆಂಡ್ ಅಂಡ್ ಹಾಲೆಂಡ್. ಬರ್ಮಿಂಗ್‌ಹ್ಯಾಮ್‌ನ ವೆಸ್ಟ್ಲಿ ರಿಚರ್ಡ್ಸ್, ಬಿಎಸ್‌ಎ. ಈ ರೈಫಲ್ಲುಗಳ ಉಕ್ಕು ಸಾಮಾನ್ಯವಾಗಿ ಗಟ್ಟಿಯಾಗೇ ಇರುತ್ತದೆ. ಕೆಡುವುದು ಮರದ ಭಾಗ, ಅಂದರೆ ಸ್ಟಾಕ್. ಎಣ್ಣೆ ಕುಡಿದು ಕಪ್ಪಾಗಿರುತ್ತದೆ, ಬಿರುಕು ಬಿಟ್ಟಿರುತ್ತದೆ, ಯಾರೋ ಮೊಳೆ ಹೊಡೆದಿರುತ್ತಾರೆ. ಅಂಥದ್ದು ಕೈಗೆ ಬಂದರೆ ಹಳೇ ಮರ ತೆಗೆದು ಹೊಸದು ಹಾಕಿಸಿ, ನಳಿಗೆಗೆ ಹೊಸ ಬಣ್ಣ ಕೊಡಿಸಬೇಕಾ? ಇದ್ದ ಹಾಗೇ ಇಟ್ಟುಕೊಳ್ಳಬೇಕಾ? ಎರಡೂ ಕಡೆಯ ವಾದ ಇಲ್ಲಿದೆ. ನನ್ನ ಒಲವು ಯಾವ ಕಡೆ ಅಂತ ಓದುತ್ತಾ ಗೊತ್ತಾಗುತ್ತದೆ, ಮುಚ್ಚಿಡಲು ಹೋಗಿಲ್ಲ.

ಪರ: ಗುಂಡು ಹಾರಿಸಲೆಂದು ಮಾಡಿದ್ದು, ಹಾರಿಸುವ ಹಾಗೇ ಇರಲಿ

ರೈಫಲ್‌ನ ಮರ ಅಂದರೆ ಅಲಂಕಾರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಬೋಲ್ಟ್, ಸ್ಪ್ರಿಂಗ್ ಇದ್ದ ಹಾಗೆ ಅದೂ ಕೆಲಸ ಮಾಡುವ ಒಂದು ಭಾಗ.

ಆ ಕಾಲದ ಒಳ್ಳೆಯ ಇಂಗ್ಲಿಷ್ ರೈಫಲ್‌ಗಳಲ್ಲಿ ಬಹಳಷ್ಟು ಮೌಸರ್ 98 ಆಕ್ಷನ್ ಮೇಲೆ ಕಟ್ಟಿದವು. ಆಕ್ಷನ್, ಅಂದರೆ ತೋಟಾ ಒಳಗೆ ತಳ್ಳಿ ಸಿಡಿಸುವ ಉಕ್ಕಿನ ಭಾಗ, ಜರ್ಮನಿಯಿಂದ ಬರುತ್ತಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ರಿಗ್ಬಿ ಕಂಪನಿಯೇ ಬ್ರಿಟನ್ನಿನಲ್ಲಿ ಮೌಸರ್ ಏಜೆಂಟ್ ಆಗಿತ್ತು. ನಳಿಗೆ, ಗುರಿಕಣ್ಣು, ಮರ, ಕೆತ್ತನೆ, ಇವೆಲ್ಲ ಇಂಗ್ಲೆಂಡಿನ ಕೆಲಸ. ಈ ಆಕ್ಷನ್‌ನ ಕೆಳಗೆ, ಮುಂಭಾಗದಲ್ಲಿ, ಉಕ್ಕಿನ ಒಂದು ಉಬ್ಬು ಇರುತ್ತದೆ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವನ್ನು ಈ ಉಬ್ಬು ಮರಕ್ಕೆ ದಾಟಿಸುತ್ತದೆ. ಉಬ್ಬಿನ ಹಿಂದಿನ ಮರ ಗಟ್ಟಿಯಾಗಿ, ಸಂದಿಲ್ಲದೆ ಕೂತಿರಬೇಕು.

ಈಗ ನಡೆದದ್ದು ನೋಡಿ. ಐವತ್ತು ಅರವತ್ತು ವರ್ಷ ರೈಫಲ್ಲನ್ನು ನಳಿಗೆ ಮೇಲೆ ಮಾಡಿ ನಿಲ್ಲಿಸಿಟ್ಟಿರುತ್ತಾರೆ. ಧಾರಾಳವಾಗಿ ಹಚ್ಚಿದ ಎಣ್ಣೆ ನಿಧಾನಕ್ಕೆ ಇಳಿದು ಮರದೊಳಗೆ ಸೇರುತ್ತದೆ. ಅಲ್ಲಿಯ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಒಂದೊಂದು ಗುಂಡಿಗೂ ಉಬ್ಬು ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತದೆ. ಕೊನೆಗೆ ಆಕ್ಷನ್‌ನ ಹಿಂದಿನ ತುದಿ ನೇರವಾಗಿ ಮರಕ್ಕೆ ತಾಗುತ್ತದೆ. ಕೊಡಲಿಯ ಹಿಂದೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಅಲ್ಲಿ ಮರ ಸೀಳುತ್ತದೆ. ಕೈ ಸುತ್ತಿ ಹಿಡಿಯುವ ತೆಳು ಜಾಗಕ್ಕೇ ಬಿರುಕು ಇಳಿಯುತ್ತದೆ. .275 ರಿಗ್ಬಿಯಂಥ (ಈ ಅಂಕಿ ಹೆಚ್ಚುಕಡಿಮೆ ನಳಿಗೆಯ ಒಳ ಅಗಲ, ಇಂಚಿನಲ್ಲಿ) ಮೃದು ರೈಫಲ್‌ನಲ್ಲಿ ಇದು ತಡವಾಗಿ ಆಗುತ್ತದೆ. 410 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡನ್ನು ಸೆಕೆಂಡಿಗೆ 2,300 ಅಡಿಗೂ ಜಾಸ್ತಿ ವೇಗದಲ್ಲಿ ಕಳಿಸುವ .416 ರಿಗ್ಬಿಯಲ್ಲಿ ತಡವಾಗುವುದಿಲ್ಲ. ಅಂಥದ್ದು ಮುರಿಯುವುದು ಗುಂಡು ಹಾರುವ ಹೊತ್ತಿನಲ್ಲಿ, ಹಿಡಿದವನ ಕೆನ್ನೆಯ ಕೆಳಗೆ.

ಅಂಟು ಹಾಕಿ, ಪಿನ್ ಇಳಿಸಿ ಸರಿ ಮಾಡಬಹುದು ಅನ್ನುತ್ತಾರೆ. ಚಿಕ್ಕ ಬಿರುಕಿಗೆ ಸರಿ. ಎಣ್ಣೆ ಕುಡಿದ ಮರಕ್ಕೆ ಅಂಟು ನೆಟ್ಟಗೆ ಹಿಡಿಯುವುದೇ ಇಲ್ಲ. ಹೊರಗೆ ಚೆನ್ನಾಗಿ ಕಾಣುತ್ತೆ, ಒಳಗೆ ಪೊಳ್ಳು.

ಇನ್ನೊಂದು ವಿಷಯ. ಮರ ಬದಲಿಸುವುದನ್ನು ಅಪಚಾರ ಅನ್ನುವವರು ಲಂಡನ್ನಿನ ಕೋವಿ ಕಸುಬು ಹೇಗೆ ನಡೆಯುತ್ತಿತ್ತು ಅಂತ ನೋಡಬೇಕು. ಅಲ್ಲಿ ನಳಿಗೆ ಮಾಡುವವನು ಬೇರೆ, ಆಕ್ಷನ್ ಕೂರಿಸುವವನು ಬೇರೆ, ಕೆತ್ತುವವನು ಬೇರೆ. ಮರ ಕೂರಿಸುವವನದ್ದೇ ಒಂದು ಪ್ರತ್ಯೇಕ ಕಸುಬು. ಅವನು ಉಕ್ಕಿಗೆ ದೀಪದ ಮಸಿ ಹಚ್ಚಿ ಮರದಲ್ಲಿ ಕೂರಿಸಿ ನೋಡುತ್ತಾನೆ. ಮಸಿ ತಾಗಿದ ಕಡೆ ಉಳಿಯಲ್ಲಿ ಕೂದಲೆಳೆಯಷ್ಟು ತೆಗೆಯುತ್ತಾನೆ. ಮತ್ತೆ ಮಸಿ, ಮತ್ತೆ ಉಳಿ. ಇಡೀ ಆಕ್ಷನ್ ಸಮವಾಗಿ ಮಸಿ ಬಿಡುವವರೆಗೆ ಇದೇ ಕೆಲಸ. ಗಿರಾಕಿಯ ತೋಳಿನ ಉದ್ದ, ಕತ್ತಿನ ಎತ್ತರ ನೋಡಿ ಅಳತೆ ತಗೊಳ್ಳುತ್ತಿದ್ದರು. ಮುರಿದರೆ ರೈಫಲ್ ಅದೇ ಅಂಗಡಿಗೆ ವಾಪಸ್ ಬರುತ್ತಿತ್ತು. ಹೊಸ ಮರ ಕೂರಿಸಿ ಕಳಿಸುವುದು ಅಲ್ಲಿ ಮಾಮೂಲಿ ಕೆಲಸವಾಗಿತ್ತು.

ಅಳತೆ ಅಂದೆನಲ್ಲ, ಅದೂ ಮುಖ್ಯ. ಆಗಿನ ಸ್ಟಾಕ್‌ಗಳು ತೆರೆದ ಗುರಿಕಣ್ಣಿಗೆ ತಕ್ಕ ಹಾಗೆ ಇಳಿಜಾರಾಗಿವೆ. ಈಗ ಸ್ಕಾಟ್ಲೆಂಡಿನ ಬೆಟ್ಟದಲ್ಲಿ ಕೆಂಪು ಜಿಂಕೆಯ ಬೇಟೆಗೆ ಹೋಗುವವರು ಹೆಚ್ಚಾಗಿ ರೈಫಲ್ ಮೇಲೆ ದುರ್ಬೀನು ಹಾಕಿಕೊಂಡೇ ಹೋಗುತ್ತಾರೆ. ಹಳೇ ಮರದ ಮೇಲೆ ಕೆನ್ನೆ ಇಟ್ಟರೆ ಕಣ್ಣು ದುರ್ಬೀನಿನ ಮಟ್ಟಕ್ಕೆ ಬರುವುದೇ ಇಲ್ಲ. ಕೆನ್ನೆ ಗಾಳಿಯಲ್ಲಿ. ಗುರಿ ತಪ್ಪಿದರೆ ಗಾಯವಾಗಿ ನರಳುವುದು ಜಿಂಕೆ, ಅಲ್ವಾ?

ಯಾವ ಮರ? ವಾಲ್‌ನಟ್, ಅಂದರೆ ಅಕ್ರೋಟ್ ಮರ. ಫ್ರಾನ್ಸಿನದ್ದು, ಟರ್ಕಿಯದ್ದು, ನಮ್ಮ ಕಾಶ್ಮೀರದ್ದು, ಎಲ್ಲವೂ ಒಂದೇ ಜಾತಿ. ಭಾರ ಕಡಿಮೆ, ಒದೆತ ತಡೆಯುತ್ತದೆ, ಸಣ್ಣ ಕೆತ್ತನೆಗೆ ಅಂಚು ಮುರಿಯದೆ ನಿಲ್ಲುತ್ತದೆ. ಮಲೆನಾಡಿನವರು ಬೀಟೆ ಹಾಕಬಾರದಾ ಅಂತ ಕೇಳಬಹುದು. ಬೀಟೆ ಚೆಂದ, ಆದರೆ ಭಾರ ತುಂಬಾ ಜಾಸ್ತಿ. ಬೆಟ್ಟ ಹತ್ತುವಾಗ ಗೊತ್ತಾಗುತ್ತದೆ. ದಿಮ್ಮಿಯನ್ನು ವರ್ಷಗಟ್ಟಲೆ ಒಣಗಿಸಿರಬೇಕು. ಮರದ ಎಳೆ ಹಿಡಿಯುವ ಜಾಗದಲ್ಲಿ ಅಡ್ಡ ಹೋಗದೆ ಉದ್ದಕ್ಕೆ ಓಡಬೇಕು. ಹಿಂಬದಿಯಲ್ಲಿ ಎಳೆ ಎಷ್ಟು ಬೇಕಾದರೂ ಸುಳಿ ಸುತ್ತಲಿ. ಕೊನೆಗೆ ಅಗಸೆ ಎಣ್ಣೆ, ಕೆಂಪು ಛಾಯೆಗೆ ಆಲ್ಕನೆಟ್ ಬೇರು, ಮತ್ತೆ ಅಂಗೈಯ ಉಜ್ಜು. ಹಾಗೆ ಮುಗಿಸಿದ ಸ್ಟಾಕ್ ಮುಟ್ಟಿದವರಿಗೆ ಆ ಕೆಲಸ ಯಾಕೆ ಬೇಕು ಅಂತ ವಿವರಿಸಬೇಕಾಗಿಲ್ಲ.

ಇದನ್ನು ಯಾರೂ ಮಾಡಿಸದಿದ್ದರೆ ಈ ಕಸುಬಿನ ಹುಡುಗರು ಕಲಿಯುವುದು ಯಾವುದರ ಮೇಲೆ?

ವಿರೋಧ: ಮರ ಎಸೆದರೆ ರೈಫಲ್‌ನ ಅರ್ಧ ದಾಖಲೆ ಎಸೆದ ಹಾಗೆ

ಮೊದಲು ಒಂದು ರೈಫಲ್ ನೋಡೋಣ. ಕುಮಾವೂನಿನ ಚಂಪಾವತ್ ಸುತ್ತಮುತ್ತ 436 ಜನರನ್ನು ತಿಂದಿತ್ತು ಎನ್ನಲಾದ ಹೆಣ್ಣು ಹುಲಿಯನ್ನು ಜಿಮ್ ಕಾರ್ಬೆಟ್ 1907ರಲ್ಲಿ ಹೊಡೆದರು. ಅದಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಜೆ.ಪಿ. ಹೆವೆಟ್, ಕಾರ್ಬೆಟ್ಟರಿಗೆ ಒಂದು .275 ರಿಗ್ಬಿ ಉಡುಗೊರೆ ಕೊಟ್ಟರು. ಬೋಲ್ಟ್ ಆಕ್ಷನ್, ಹಗುರ, ಅಬ್ಬರವಿಲ್ಲದ ರೈಫಲ್. ಯಾರು, ಯಾರಿಗೆ, ಯಾತಕ್ಕೆ ಕೊಟ್ಟರು ಅನ್ನುವುದು ಅದರಲ್ಲಿರುವ ಚಿಕ್ಕ ಬೆಳ್ಳಿ ಫಲಕದ ಮೇಲಿದೆ. ಆ ಫಲಕ ಇರುವುದು ಉಕ್ಕಿನ ಮೇಲಲ್ಲ, ಮರದ ಮೇಲೆ. ಕೆಲ ವರ್ಷಗಳ ಹಿಂದೆ ರಿಗ್ಬಿ ಕಂಪನಿಯೇ ಆ ರೈಫಲ್ಲನ್ನು ಮತ್ತೆ ಕೊಂಡುಕೊಂಡಿತು. ಅದರ ಮರ ಸವೆದಿದೆ ಅಂತ ಯಾರಾದರೂ ಹೊಸ ಅಕ್ರೋಟ್ ಕೂರಿಸಿ, ಫಲಕ ಕಿತ್ತು ಅದಕ್ಕೆ ಅಂಟಿಸಿದ್ದರೆ? ಕಾರ್ಬೆಟ್ ಮುಟ್ಟಿದ್ದು ಉಕ್ಕು ಮಾತ್ರ ಉಳಿಯುತ್ತಿತ್ತು.

ಎಲ್ಲ ರೈಫಲ್‌ಗಳೂ ಕಾರ್ಬೆಟ್‌ರದ್ದಲ್ಲ, ಒಪ್ಪಿದೆ. ಆದರೆ ನಿಮ್ಮ ಕೈಯಲ್ಲಿರುವುದು ಯಾರದ್ದಾಗಿತ್ತು ಅಂತ ಮರ ಕೀಳುವ ಮೊದಲು ನಿಮಗೆ ಗೊತ್ತಿದೆಯಾ? ರಿಗ್ಬಿ, ವೆಸ್ಟ್ಲಿ ರಿಚರ್ಡ್ಸ್‌ನಂಥ ಕಂಪನಿಗಳ ಹಳೇ ಲೆಡ್ಜರ್‌ಗಳು ಉಳಿದಿವೆ. ನಂಬರ್ ಕೊಟ್ಟರೆ ಯಾವಾಗ, ಯಾರಿಗೆ ಮಾರಿದ್ದು ಅಂತ ತಿಳಿಯುವ ಸಾಧ್ಯತೆ ಇದೆ. ಭಾರತದ ರಾಜರು, ಅಧಿಕಾರಿಗಳು, ಪ್ಲಾಂಟರ್‌ಗಳು ಇವರ ದೊಡ್ಡ ಗಿರಾಕಿಗಳಾಗಿದ್ದರು. ಒಂದು ಪತ್ರ ಬರೆಯಲು ತಾಳ್ಮೆ ಇಲ್ಲದವರಿಗೆ ಉಪ್ಪುಕಾಗದ ಹಿಡಿಯಲು ಮಾತ್ರ ಆತುರ.

ಉಪ್ಪುಕಾಗದವೇ ನಿಜವಾದ ಶತ್ರು. ಹೊಸ ರೈಫಲ್‌ನಲ್ಲಿ ಮರ ಮತ್ತು ಉಕ್ಕು ಸೇರುವ ಕಡೆ ಬೆರಳಾಡಿಸಿದರೆ ಅಂಚು ಗೊತ್ತಾಗದಷ್ಟು ಸಮವಾಗಿರುತ್ತಿತ್ತು. ಒಂದು ಸಲ ಉಜ್ಜಿದರೆ ಮರ ಉಕ್ಕಿಗಿಂತ ತಗ್ಗುತ್ತದೆ. ತಗ್ಗಿದ್ದು ಮತ್ತೆ ಏರುವುದಿಲ್ಲ. ಕೈ ಜಾರದಿರಲೆಂದು ಕೊರೆದ ಚೌಕಳಿ ಗೆರೆಗಳು ಮಂಕಾಗುತ್ತವೆ. ನಳಿಗೆಯದ್ದೂ ಇದೇ ಕತೆ. ಹೊಸ ಬಣ್ಣ ಕೊಡುವ ಮುಂಚೆ ಪಾಲಿಶ್ ಮಾಡುತ್ತಾರೆ. ಪಾಲಿಶ್‌ಗೆ ಮೊದಲು ಬಲಿಯಾಗುವುದೇ ಅಕ್ಷರಗಳು. ಈ ಅಕ್ಷರಗಳು ಸುಮ್ನೆ ಅಲ್ಲಿ ಇಲ್ಲ. ರಿಗ್ಬಿಯ ಮೇಲೆ ಸೇಂಟ್ ಜೇಮ್ಸ್ ಸ್ಟ್ರೀಟ್ ವಿಳಾಸ ಇದ್ದರೆ ಒಂದು ಕಾಲದ್ದು, ಸ್ಯಾಕ್‌ವಿಲ್ ಸ್ಟ್ರೀಟ್ ಇದ್ದರೆ ಆಮೇಲಿನದ್ದು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ಗಳು ಪ್ರತಿ ನಳಿಗೆಯನ್ನೂ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದವು. 1904ರಲ್ಲಿ, ಮತ್ತೆ 1925ರಲ್ಲಿ ಆ ನಿಯಮಗಳು ಬದಲಾದವು. ಮುದ್ರೆ ನೋಡಿ ವಯಸ್ಸು ಹೇಳುವವರಿದ್ದಾರೆ. ಅದನ್ನು ಅಳಿಸಿ ಹೊಳಪು ಪಡೆದು ಏನು ಸಿಕ್ಕಿತು?

ಹಾಗಂತ ಹಳೇ ಬಣ್ಣದ ಕೆಲಸ ಕಡಿಮೆಯದ್ದಲ್ಲ. ಉಕ್ಕಿಗೆ ತೆಳುವಾಗಿ ತುಕ್ಕು ಬರಿಸಿ, ಕುದಿಯುವ ನೀರಲ್ಲಿ ಹಾಕಿ ಕಪ್ಪು ಮಾಡಿ, ಉದುರುವುದನ್ನು ಉಜ್ಜಿ ತೆಗೆದು, ಮತ್ತೆ ಅದನ್ನೇ ಎಷ್ಟೋ ಸಲ ಮಾಡಿ ಬರುವ ಕಪ್ಪು ಅದು. ಅದಕ್ಕೇ ಹೇಳುವುದು, ಅಷ್ಟು ಕಷ್ಟಪಟ್ಟು ಬಂದದ್ದು ಇನ್ನೂ ಅರ್ಧ ಉಳಿದಿದ್ದರೂ ಬಿಡಿ, ಅದರ ಪಾಡಿಗೆ ಇರಲಿ.

ಮರ ಕೆಟ್ಟೇ ಹೋಗಿದೆ ಅನ್ನುವ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಎಣ್ಣೆ ಕುಡಿದ ಮರಕ್ಕೆ ಸೀಮೆಸುಣ್ಣದ ಪುಡಿ ಕಲಸಿ ಬಳಿದು ಹದವಾಗಿ ಬಿಸಿ ಮಾಡಿದರೆ ಎಣ್ಣೆ ಹೊರಗೆ ಬರುತ್ತದೆ. ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ, ಮಾಡುತ್ತಾ ಇರಬೇಕು. ಗುಳಿ ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮುಟ್ಟಿಸಿದರೆ ಹಬೆಗೆ ಮರ ಉಬ್ಬುತ್ತದೆ. ಎಣ್ಣೆ ತೆಗೆದ ಮೇಲೆ ಬಿರುಕಿಗೆ ಎಪಾಕ್ಸಿ ಹಿಡಿಯುತ್ತದೆ, ಒಳಗಿನಿಂದ ಪಿನ್ ಇಳಿಸಬಹುದು. ಒದೆತ ತಡೆಯುವ ಉಬ್ಬಿನ ಹಿಂದೆ ಕೆಟ್ಟ ಮರ ಕೆರೆದು ಎಪಾಕ್ಸಿ ತುಂಬಿದರೆ ಅದು ಹೊಸ ಮರಕ್ಕಿಂತ ಗಟ್ಟಿ. ಹೊರಗಿನಿಂದ ಒಂದು ಚೂರೂ ಕಾಣುವುದಿಲ್ಲ. ಕೆನ್ನೆಗೆ ಎತ್ತರ ಬೇಕಾ? ಚರ್ಮದ ಮೆತ್ತೆ ಕಟ್ಟಿ, ಬೇಡವಾದಾಗ ಬಿಚ್ಚಿಡಿ. ಇದೆಲ್ಲ ಮಾಡಿದ ಮೇಲೂ ಹಳೇ ಮರ ನಿಲ್ಲದಿದ್ದರೆ ಆಗ ಮಾತಾಡೋಣ.

ಇನ್ನು ಮರದ ಚೆಂದ ನೋಡಿ ಮಾರುಹೋಗುವವರಿಗೆ ಒಂದು ಮಾತು. ಹಳೇ ಇಂಗ್ಲಿಷ್ ರೈಫಲ್‌ನ ದೊಡ್ಡ ಕಾಯಿಲೆ ಹೆಚ್ಚಾಗಿ ನಳಿಗೆಯ ಒಳಗಿರುತ್ತದೆ. ಆ ಕಾಲದ ತೋಟಾದಲ್ಲಿ ಮದ್ದಿಗೆ ಕಿಡಿ ಕೊಡುವ ಪ್ರೈಮರ್‌ನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಒಂದು ಬಗೆಯ ಉಪ್ಪಾಗಿ ಉಳಿದು ತೇವ ಎಳೆದುಕೊಳ್ಳುತ್ತದೆ. ಬರೀ ಎಣ್ಣೆಗೆ ಅದು ಹೋಗುವುದಿಲ್ಲ, ಬಿಸಿನೀರಲ್ಲೇ ತೊಳೆಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಂದು ಸಂಜೆ ತೊಳೆಯುವುದು ಮರೆತರೂ ಒಳಗೆ ಗುಳಿ ಬೀಳುತ್ತದೆ. ಕಾರ್ಡೈಟ್ ಮದ್ದಿನ ಬಿಸಿಗೆ ಸವೆತ ಬೇರೆ. ಅಂಥ ನಳಿಗೆಗೆ ಸಾವಿರಾರು ಪೌಂಡಿನ ಮರ ಹಾಕಿಸಿದವರಿದ್ದಾರೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನೂ ಬೇರೆ. ಸ್ಕಾಟ್ಲೆಂಡಿನಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯ ಕಾಲವನ್ನೇ ಮುಗಿಸಿತು. ಆದ್ದರಿಂದ 'ಕೆಲಸಕ್ಕೆ ಬರಲಿ' ಅನ್ನುವ ವಾದಕ್ಕೆ ಇಲ್ಲಿ ಅರ್ಧ ಬಲ. ಇಲ್ಲಿ ಉಳಿದಿರುವ ಕೋವಿಗಳು ನಮ್ಮ ಚರಿತ್ರೆಯನ್ನೂ ಹೊತ್ತಿವೆ. ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರು ನಿರ್ಬಂಧಿಸಿದ್ದಕ್ಕೇ ಬಿಎಸ್‌ಎ ಸೈನ್ಯದ ರೈಫಲ್ಲಿನ ಅದೇ ಲೀ ಆಕ್ಷನ್‌ನಲ್ಲಿ .315 ರೈಫಲ್ ಮಾಡಿ ಭಾರತಕ್ಕೆ ಮಾರಿತು. ಸ್ವಾತಂತ್ರ್ಯದ ಮೇಲೂ ಇಶಾಪುರದ ಕಾರ್ಖಾನೆ .315 ಮಾಡುತ್ತಾ ಬಂತು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವ ಕೋವಿಯ ಮೇಲಿನ ಗೀರು ಯಾವ ಅಜ್ಜನ ಕಾಲದ್ದು ಅಂತ ಮನೆಯವರಿಗೆ ಗೊತ್ತಿರುತ್ತದೆ. ಅದನ್ನು ಉಜ್ಜಿ ನುಣ್ಣಗೆ ಮಾಡಿಸಿ ಯಾರಿಗೆ ತೋರಿಸಬೇಕು?

ಒಂದು ಗುಂಪನ್ನು ಮಾತ್ರ ನಾನು ಬಿಟ್ಟುಬಿಡುತ್ತೇನೆ. ಯುದ್ಧ ಮುಗಿದ ಮೇಲೆ ಸೈನ್ಯದ ರೈಫಲ್ ಕೊಯ್ದು ಬೇಟೆ ರೈಫಲ್ ಮಾಡಿದ್ದು ಬೇಕಾದಷ್ಟಿವೆ. ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್ ಹೇಲ್ ಇದನ್ನು ದೊಡ್ಡ ವ್ಯಾಪಾರವಾಗೇ ಮಾಡಿತು. ಅವಕ್ಕೆ ಯಾವ ಮರ ಬೇಕಾದರೂ ಹಾಕಿಸಿ, ನನ್ನದೇನೂ ತಕರಾರಿಲ್ಲ.

ಉಳಿದವುಗಳಲ್ಲಿ ಹಿಡಿಯ ಜಾಗವೇ ತುಂಡಾಗಿದ್ದರೆ ಹೊಸ ಮರ ಬೇಕೇ ಬೇಕು. ಆಗಲೂ ಕೆಲವು ಷರತ್ತು ಹಾಕುತ್ತೇನೆ. ಹಳೇ ಮರದ ಅಳತೆ, ಆಕಾರ, ಚೌಕಳಿ ಗೆರೆಗಳ ಅಂಚು ಹಾಗೇ ನಕಲಾಗಬೇಕು. ದುರ್ಬೀನಿಗಾಗಿ ಆಕ್ಷನ್ ಮೇಲೆ ಹೊಸ ತೂತು ಕೊರೆಯಬಾರದು. ಹೊಸ ಮರಕ್ಕೆ ಸುಳ್ಳು ಮುಪ್ಪು ಬರಿಸಬಾರದು. ಯಾರು, ಯಾವ ವರ್ಷ ಮಾಡಿದ್ದು ಅಂತ ಹಿಂಬದಿಯ ತಟ್ಟೆಯ ಕೆಳಗೆ ಬರೆದಿರಬೇಕು. ನಮ್ಮಲ್ಲಾದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರವೇ ಮಾಡಿಸಬೇಕು, 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳುವುದೂ ಅದನ್ನೇ. ತುಂಡಾದ ಹಳೇ ಮರವನ್ನು, ಅದರ ಬೆಳ್ಳಿ ತುಣುಕು, ತಿರುಪು ಸಮೇತ, ಅದೇ ಪೆಟ್ಟಿಗೆಯಲ್ಲಿ ಇಡಬೇಕು. ನಾಳೆ ಇದನ್ನು ಕೊಳ್ಳುವವರು ಮೊದಲು ಕೇಳುವುದು ಅದನ್ನೇ.