ಝಡ್ ಡ್ರೈವಿನ ಇಂಟು ಮಾರ್ಕು

ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಲೆಕ್ಕಪತ್ರ ವಿಭಾಗದ ಕಂಪ್ಯೂಟರುಗಳು ಒಂದೊಂದಾಗಿ ಕಣ್ಣು ಬಿಡುವಾಗ, ಅವುಗಳಲ್ಲಿ ಎರಡಾದರೂ ನೆಟ್‌ವರ್ಕ್ ಡ್ರೈವುಗಳನ್ನೆಲ್ಲ ಮತ್ತೆ ಜೋಡಿಸಲು ಆಗಲಿಲ್ಲವೆಂದು ಪರದೆಯ ಮೂಲೆಯಲ್ಲಿ ತಿಳಿಸಿ ಸುಮ್ಮನಾಗುತ್ತವೆ. ಒಳಗೆ ಹೋಗಿ ನೋಡಿದರೆ ಝಡ್ ಡ್ರೈವಿನ ಚಿತ್ರದ ಮೇಲೆ ಕೆಂಪು ಇಂಟು ಮಾರ್ಕು ಬಿದ್ದಿರುತ್ತದೆ. ತಪ್ಪು ಲೆಕ್ಕಕ್ಕೆ ಮೇಷ್ಟ್ರು ಎಳೆಯುತ್ತಿದ್ದ ಇಂಟು ಮಾರ್ಕಿನ ಭಯ ಇನ್ನೂ ಬಿಡದ ನನ್ನಂಥವನು ಅದನ್ನು ಕಂಡೊಡನೆ ಮೌಸಿನಿಂದ ಕೈ ತೆಗೆದು ಸಿಸ್ಟಮ್ ಹುಡುಗನಿಗೆ ಫೋನ್ ಮಾಡುತ್ತಾನೆ. ಆತ ಬಂದು ಅದೇ ಚಿತ್ರದ ಮೇಲೆ ಎರಡು ಸಲ ಒತ್ತುತ್ತಾನೆ, ಡ್ರೈವ್ ತೆರೆದುಕೊಳ್ಳುತ್ತದೆ, ಆತ ನನ್ನ ಮುಖ ನೋಡದೆ ಹೊರಟುಹೋಗುತ್ತಾನೆ. ಮುಖ ನೋಡದಿರುವುದು ಅವನ ದೊಡ್ಡ ಗುಣ.

ಝಡ್ ಡ್ರೈವ್ ಎಂಬ ವಸ್ತುವೇ ನನ್ನ ಕಂಪ್ಯೂಟರಿನಲ್ಲಿ ಇಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಎಲ್ಲರ ಕಡತಗಳನ್ನೂ ಹೊತ್ತುಕೊಂಡು ಹಗಲೂ ರಾತ್ರಿ ಗುಂಯ್‌ಗುಡುವ ಸರ್ವರ್ ಎಂಬ ಕಂಪ್ಯೂಟರಿನ ಒಂದು ಫೋಲ್ಡರಿಗೆ ಉದ್ದನೆಯ ವಿಳಾಸವೊಂದಿದೆ. ಅದನ್ನು ದಿನಾ ಬರೆಯುವ ಶ್ರಮವೇಕೆಂದು ಇಟ್ಟ ಅಡ್ಡಹೆಸರು ಝಡ್. ಎ ಮತ್ತು ಬಿ ಫ್ಲಾಪಿಗಳಿಗೆ, ಸಿ ಹಾರ್ಡ್ ಡಿಸ್ಕಿಗೆ ಎಂಬ ಹಂಚಿಕೆ ವಿಂಡೋಸಿಗೂ ಹಿಂದಿನ ಡಾಸ್ ಕಾಲದ್ದು. ಫ್ಲಾಪಿಗಳು ಕಾಲವಾದರೂ ಅವುಗಳ ಅಕ್ಷರಗಳನ್ನು, ತೀರಿಕೊಂಡ ಅಜ್ಜನ ಆರಾಮಕುರ್ಚಿಯ ಹಾಗೆ, ಖಾಲಿ ಬಿಡುವ ರೂಢಿ ಉಳಿದಿದೆ. ಹೊಸದಾಗಿ ಡ್ರೈವ್ ಮ್ಯಾಪ್ ಮಾಡುವಾಗ, ಅಂದರೆ ಇಂಥ ಅಡ್ಡಹೆಸರು ಇಡುವಾಗ, ವಿಂಡೋಸ್ 26 ಅಕ್ಷರಗಳ ಕೊನೆಯಿಂದ ಹಿಂದಕ್ಕೆ ಎಣಿಸುತ್ತದೆ. ಮುಂದಿನ ಸಾಲಿನಲ್ಲಿ ಪೆನ್ ಡ್ರೈವುಗಳು ಬಂದು ಕೂರುತ್ತವೆ.

ಇಂಟು ಮಾರ್ಕಿಗೆ ಬಹಳ ಸಲ ಕಾರಣ ಬರೀ ಅವಸರ. ಕಂಪ್ಯೂಟರ್ ಎದ್ದು ಲಾಗಿನ್ ಮುಗಿಸುವಷ್ಟರಲ್ಲಿ ನೆಟ್‌ವರ್ಕ್, ಅದರಲ್ಲೂ ವೈಫೈ, ಇನ್ನೂ ಹಾಸಿಗೆ ಬಿಟ್ಟಿರುವುದಿಲ್ಲ. ಒಮ್ಮೆ ಕದ ತಟ್ಟಿ, ಒಳಗಿನವರು ಚಪ್ಪಲಿ ಹುಡುಕುವಷ್ಟರಲ್ಲಿ ‘ಡೋರ್ ಲಾಕ್’ ಎಂದು ಬರೆದುಕೊಂಡು ಸೈಕಲ್ ಏರುವ ಅಂಚೆಯಣ್ಣನಂತೆ ವಿಂಡೋಸ್ ಗುರುತು ಹಾಕಿ ಮುಂದಿನ ಕೆಲಸಕ್ಕೆ ಹೋಗಿಬಿಡುತ್ತದೆ. 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಲ್ಲಿ ಈ ತೊಂದರೆ ಎಷ್ಟು ಮಂದಿಯನ್ನು ಕಾಡಿತೆಂದರೆ, ಲಾಗಿನ್ ಆದ ಮೇಲೆ ಡ್ರೈವುಗಳನ್ನು ಮತ್ತೆ ಜೋಡಿಸುವ ಸ್ಕ್ರಿಪ್ಟನ್ನು, ಅಂದರೆ ತಾನಾಗಿ ನಡೆಯುವ ಆಜ್ಞೆಗಳ ಪಟ್ಟಿಯನ್ನು, ತಯಾರಕರೇ ಪ್ರಕಟಿಸಬೇಕಾಯಿತು. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ಹೋಗದ ತೊಂದರೆ ರೀಸ್ಟಾರ್ಟಿಗೆ ಹೋಗುವುದುಂಟು. 2012ರ ವಿಂಡೋಸ್ 8ರಿಂದೀಚೆಗೆ ಬಂದಿರುವ ಫಾಸ್ಟ್ ಸ್ಟಾರ್ಟಪ್ ವ್ಯವಸ್ಥೆಯಲ್ಲಿ, ಶಟ್‌ಡೌನ್ ಎಂದರೆ ಯಂತ್ರ ಅರೆನಿದ್ದೆಗೆ ಜಾರುವುದು. ರೀಸ್ಟಾರ್ಟ್ ಎಂದರೆ ನಿಜವಾಗಿ ಮಲಗಿ ಏಳುವುದು. ಹೆಸರುಗಳು ಅದಲುಬದಲಾದಂತಿವೆ.

ಇದು ಅವಸರದ ಮಾತಾಯಿತು. ಹಟದ ಮಾತೇ ಬೇರೆ. 1219 ಎಂಬ ಸಂಖ್ಯೆಯ ದೋಷವನ್ನು ಕಂಡವರು ಮರೆಯಲಾರರು. ನಮ್ಮ ಹೆಡ್ ಕ್ಲರ್ಕ್ ಮೇಡಂ ತಮ್ಮ ಹೆಸರಿನಲ್ಲಿ ಝಡ್ ಡ್ರೈವನ್ನು ತೆರೆದಿಟ್ಟುಕೊಂಡೇ, ಅದೇ ಸರ್ವರಿನಲ್ಲಿರುವ ಸಂಬಳದ ಫೋಲ್ಡರಿಗೆಂದು ಇನ್ನೊಂದು ಹೆಸರು, ಇನ್ನೊಂದು ಪಾಸ್‌ವರ್ಡ್ ಕೊಟ್ಟರು. ಒಬ್ಬರೇ ಒಂದು ಸರ್ವರಿಗೆ ಎರಡು ಹೆಸರಿನಲ್ಲಿ ಬರುವಂತಿಲ್ಲ, ಮೊದಲಿನದನ್ನು ಬಿಟ್ಟು ಬನ್ನಿ ಎಂದು ವಿಂಡೋಸ್ ಪಟ್ಟು ಹಿಡಿಯಿತು. ಮದುವೆಮನೆಯಲ್ಲಿ ಒಮ್ಮೆ ಗಂಡಿನ ಕಡೆಯವರೆಂದು, ಇನ್ನೊಮ್ಮೆ ಹೆಣ್ಣಿನ ಕಡೆಯವರೆಂದು ಎರಡು ಪಂಕ್ತಿಯಲ್ಲೂ ಕೂರುವವರನ್ನು ತಡೆಯುವ ಹಿರಿಯರ ನ್ಯಾಯ ಇದು. ಹುಡುಗ ಕಪ್ಪು ಪರದೆ ತೆರೆದು ‘ನೆಟ್ ಯೂಸ್’ ಎಂಬ ಆಜ್ಞೆ ಕೊಟ್ಟಾಗ, ಅಕ್ಷರವಿಲ್ಲದೆ ಮರೆಯಲ್ಲಿ ಕುಳಿತಿದ್ದ ಹಳೆಯ ಸಂಪರ್ಕಗಳೂ ಸಾಲಾಗಿ ಹೊರಬಿದ್ದವು. ಎಲ್ಲವನ್ನೂ ಅಳಿಸಿ ಹೊಸದಾಗಿ ಜೋಡಿಸುವುದು ನೇರವಾದ ದಾರಿ. ಆತ ಅದನ್ನು ಬಿಟ್ಟು, ಸರ್ವರಿನ ಹೆಸರಿನ ಬದಲು, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಐಪಿ ವಿಳಾಸದ ಅಂಕಿಗಳನ್ನು ಬರೆದ. ಹೆಸರಿನಿಂದ ಕರೆದ ಸರ್ವರೇ ಬೇರೆ, ಅಂಕಿಯಿಂದ ಕರೆದ ಸರ್ವರೇ ಬೇರೆಯೆಂದು ನಂಬಿದ ವಿಂಡೋಸ್ ತಕರಾರಿಲ್ಲದೆ ಒಳಗೆ ಬಿಟ್ಟಿತು. ಅಷ್ಟು ಹೊತ್ತು ನ್ಯಾಯ ಹೇಳಿದ ಹಿರಿಯರು ಹಿತ್ತಿಲ ಬಾಗಿಲ ಕಡೆ ನೋಡಿರಲೇ ಇಲ್ಲ.

ಪಾಸ್‌ವರ್ಡ್ ಬದಲಾಯಿಸಿದ ವಾರದ ಗೋಳು ಇದಕ್ಕೆ ಎದುರಾದದ್ದು. ವಿಂಡೋಸಿನ ಕ್ರೆಡೆನ್ಷಿಯಲ್ ಮ್ಯಾನೇಜರ್ ಎಂಬ ಪೆಟ್ಟಿಗೆಯಲ್ಲಿ ಹಳೆಯ ಪಾಸ್‌ವರ್ಡ್ ಭದ್ರವಾಗಿದ್ದು, ಕಂಪ್ಯೂಟರ್ ನಮ್ಮನ್ನು ಕೇಳದೆ ಅದನ್ನೇ ಸರ್ವರಿಗೆ ಮತ್ತೆ ಮತ್ತೆ ಒಪ್ಪಿಸುತ್ತದೆ. ಕೆಲವು ಸಲದ ತಪ್ಪಿಗೆ ಸರ್ವರ್ ನಮ್ಮ ಖಾತೆಗೇ ಬೀಗ ಹಾಕುತ್ತದೆ. ಡ್ರೈವಿನ ದಾರಿಯನ್ನು ದಿನಾ ಬೆಳಿಗ್ಗೆ ಮರೆಯುವ ಯಂತ್ರಕ್ಕೆ ಮರೆಯಬೇಕಾದ ಇದೊಂದು ಮಾತ್ರ ನೆನಪಿರುತ್ತದೆ. ಕಾಫಿಗೆ ಹೋಗಿ ಬಂದವರಿಗೂ ಕೆಲವೊಮ್ಮೆ ಇಂಟು ಮಾರ್ಕು ಕಾಣುತ್ತದೆ: 15 ನಿಮಿಷ ಯಾರೂ ಮುಟ್ಟದಿದ್ದರೆ ಸಂಪರ್ಕ ಕಡಿಯುವುದು ವಿಂಡೋಸ್ ಸರ್ವರಿನ ಮೂಲ ರೂಢಿ. ಅದಕ್ಕೆ ಚಿಂತಿಸಬೇಕಾಗಿಲ್ಲ, ಮುಟ್ಟಿದರೆ ತಾನಾಗಿ ಕೂಡಿಕೊಳ್ಳುತ್ತದೆ. ನಮ್ಮ ಕಾಫಿ 15 ನಿಮಿಷಕ್ಕೆ ಮೀರುತ್ತದೆಂಬುದಷ್ಟೇ ಅದರಿಂದ ಬಯಲಾಗುವ ಗುಟ್ಟು.

ಕೊನೆಗೆ ಹುಡುಗ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಎಲ್ಲ ಕಂಪ್ಯೂಟರುಗಳಿಗೂ ಹಾಕಿದ. ಲಾಗಿನ್ ಆದ ಮೇಲೆ ಅದು 30 ಸೆಕೆಂಡ್ ಸುಮ್ಮನೆ ಕಾದು, ನೆಟ್‌ವರ್ಕ್ ಎದ್ದ ಮೇಲೆ ಡ್ರೈವ್ ಜೋಡಿಸುತ್ತದೆ. ಆ ಅರ್ಧ ನಿಮಿಷ ಏನು ಮಾಡುವುದೆಂದು ಮೇಡಂ ಸರ್ವರ್ ಕೋಣೆಯ ಬಾಗಿಲ ಮೇಲಿನ ಗಣಪತಿ ಪಟಕ್ಕೆ ಊದುಬತ್ತಿ ಹಚ್ಚತೊಡಗಿದರು. ಅವರು ಬೆಂಕಿಪೊಟ್ಟಣ ಕೆಳಗಿಡುವುದಕ್ಕೂ ಝಡ್ ತೆರೆದುಕೊಳ್ಳುವುದಕ್ಕೂ ಸರಿಹೋಗುತ್ತದೆ. ಹೋದ ತಿಂಗಳು ಹೊಸದಾಗಿ ಸೇರಿದ ಗುಮಾಸ್ತ, ಮೇಡಂ ರಜೆಯಲ್ಲಿದ್ದ ದಿನ ಕಂಪ್ಯೂಟರ್ ಆನ್ ಮಾಡಿದವನೇ ಪರದೆಯ ಕಡೆ ತಿರುಗಿಯೂ ನೋಡದೆ, ಊದುಬತ್ತಿಯ ಕಟ್ಟು ಎಲ್ಲಿದೆಯೆಂದು ನನ್ನನ್ನು ಕೇಳಿದ.