ನೀವು ಮನುಷ್ಯರೇ? ಇಲ್ಲಿ ಒತ್ತಿ

ಸ್ಪ್ಯಾಮ್ ಅನ್ನುವ ಬೇಡದ ಕಸದ ಮೇಲ್ ತಡೆಯೋಕೆ ಅಂತ, ಮೇಲ್ ಕಳಿಸಿದವರಿಗೇ "ನೀವು ನಿಜವಾಗಲೂ ಮನುಷ್ಯರೇ? ಹೌದಾದರೆ ಈ ಲಿಂಕ್ ಒತ್ತಿ" ಅಂತ ತಿರುಗಿ ಕೇಳಿ, ಒತ್ತುವವರೆಗೂ ಮೇಲ್ ತಡೆಹಿಡಿಯುವ ವ್ಯವಸ್ಥೆ ಕಂಡುಹಿಡಿದ ಪುಣ್ಯಾತ್ಮರಿಗೆ ದಾವಣಗೆರೆಯಲ್ಲಿ ಒಂದು ಸನ್ಮಾನ ಆಗಲೇಬೇಕು. ಶಾಲು, ಹಾರ, ಮೈಸೂರು ಪೇಟ ಎಲ್ಲ ಇರಲಿ. ವೇದಿಕೆ ಹತ್ತುವ ಮುಂಚೆ ತಾವು ಮನುಷ್ಯರೇ ಅಂತ ಅವರೂ ಒಂದು ಸಹಿ ಹಾಕಲಿ.

ಮಂಡಿಪೇಟೆಯ ವ್ಯಾಪಾರಿಯೊಬ್ಬರು ಇದನ್ನು ಹಾಕಿಸಿಕೊಂಡಿದ್ದಾರೆ. ಮಗಳ ಮದುವೆ ಕರೆಯೋಲೆಯ ಒಕ್ಕಣೆ ತಿದ್ದಿಕೊಡಿ ಅಂತ ಮೇಲ್ ಮಾಡಿದ್ದು ಅವರೇ. ತಿದ್ದಿ ಕಳಿಸಿದರೆ, "ನಿಮ್ಮ ಪತ್ರವನ್ನು ತಡೆಹಿಡಿಯಲಾಗಿದೆ." ಸಂಜೆ ಫೋನ್ ಬಂತು. "ಏನ್ ಸಾರ್, ಒಂದು ಉತ್ತರನೂ ಇಲ್ವಲ್ಲ!"

ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಈ ಮಾತು ತೆಗೆದರೆ ಜಗಳವೇ. "ಒಂದ್ಸಲ ಒತ್ತಿದ್ರೆ ಏನು ಗಂಟು ಹೋಗುತ್ತೆ?" ಅನ್ನುವವರಿದ್ದಾರೆ. ನಿವೃತ್ತ ಮೇಷ್ಟ್ರು ಮಾತ್ರ ಕೆಂಡ. "ನನ್ನ ಮನುಷ್ಯತ್ವಕ್ಕೆ ಇವನ್ಯಾರು ಸರ್ಟಿಫಿಕೇಟ್ ಕೊಡೋಕೆ?" ಅಂದವರು ಆ ಮನುಷ್ಯನಿಗೆ ಬರೆಯುವುದನ್ನೇ ಬಿಟ್ಟರು. ನನಗೆ ಇಷ್ಟವಾದವನು ಕಾಲೇಜು ಹುಡುಗ. ತಾನು ಕಳಿಸದೇ ಇರುವ ಮೇಲ್‌ಗಳ ಬಗ್ಗೆ ಪ್ರಶ್ನೆ ಬಂದರೂ "ಹೌದು, ನಾನೇ" ಅಂತ ಒತ್ತುತ್ತಾನೆ. ಲಾಟರಿ, ಕೂದಲು ಬೆಳೆಸುವ ಎಣ್ಣೆ, ಎಲ್ಲವೂ ಸೀದಾ ಸಾಹುಕಾರರ ಇನ್‌ಬಾಕ್ಸ್‌ಗೆ! ನನ್ನ ಓಟು ಅವನಿಗೇ.

ಕಳಿಸದ ಮೇಲ್‌ಗೆ ಪ್ರಶ್ನೆ ಹೇಗೆ ಬರುತ್ತೆ ಅಂತೀರಾ? 1982ರಲ್ಲಿ ಬರೆದ ಮೇಲ್ ಸಾಗಣೆಯ ನಿಯಮದಲ್ಲಿ ಕಳಿಸಿದವರು ಯಾರು ಅಂತ ಪರೀಕ್ಷಿಸುವ ಗೋಜೇ ಇರಲಿಲ್ಲ. ಸ್ಪ್ಯಾಮ್ ಕಳಿಸುವವನು ಸ್ವಂತ ವಿಳಾಸ ಹಾಕುವಷ್ಟು ಸಭ್ಯಸ್ಥನಾ? ಯಾರದೋ ವಿಳಾಸ ಹಾಕುತ್ತಾನೆ. ವಿಚಾರಣೆ ಆ ಪಾಪದವರಿಗೆ.

ಅತ್ತ ಬೀಗರೂ ಇದನ್ನೇ ಹಾಕಿಸಿದ್ದರಂತೆ. ಇವರ ಕರೆಯೋಲೆಗೆ ಅವರ ಕಂಪ್ಯೂಟರ್ "ನೀವು ಮನುಷ್ಯರೇ?" ಅಂತು. ಆ ಪ್ರಶ್ನೆಯನ್ನೇ ತಡೆದ ಇವರ ಕಂಪ್ಯೂಟರ್, "ಮೊದಲು ನೀವು ಹೇಳಿ" ಅಂತು. ಸಂಬಂಧ ಉಳಿದಿದ್ದು ಫೋನ್‌ನಿಂದ. ರೈಲು ಟಿಕೆಟ್, ಕರೆಂಟ್ ಬಿಲ್ ಕಳಿಸುವ ಯಂತ್ರಗಳಂತೂ ಲಿಂಕ್ ಒತ್ತುವುದಿಲ್ಲ ಬಿಡಿ.

ಇನ್ನೆರಡು ವರ್ಷದಲ್ಲಿ ಸ್ಪ್ಯಾಮ್ ಕಾಟ ಮುಗಿಯುತ್ತೆ ಅಂತ ಬಿಲ್ ಗೇಟ್ಸ್ 2004ರಲ್ಲೇ ದಾವೋಸ್‌ನಲ್ಲಿ ಹೇಳಿದ್ದರು. ದಾವಣಗೆರೆಯ ಅಶೋಕ ರಸ್ತೆಯ ರೈಲ್ವೆ ಗೇಟ್ ಮುಂದೆ ನಿಂತು ನಿಂತು ಬೆಳೆದ ನಮಗೆ ಇಂಥ ಭರವಸೆಯ ಮಾತು ಹೊಸದಲ್ಲ.

ತಮಾಷೆ ಸಾಕು. ಮನೆಗೆ ಬಂದವರ ಕೈಗೆಲ್ಲ ನಿಮ್ಮ ಕಸ ಗುಡಿಸೋಕೆ ಪೊರಕೆ ಕೊಡ್ತೀರಲ್ಲ, ನಾಚಿಕೆ ಆಗಲ್ವಾ? ನನಗೆ ಬರುವ ಸ್ಪ್ಯಾಮ್ ನಾನೇ ಅಳಿಸ್ತೀನಿ. ನಿಮ್ಮದನ್ನೂ ನಾನೇ ಅಳಿಸಬೇಕಾ? ಸುಸ್ತಾಗಿದೆ ಸ್ವಾಮಿ. ಇನ್ನು ಒಕ್ಕಣೆ ತಿದ್ದಬೇಕಿದ್ದರೆ ಕಾಗದ ಹಿಡ್ಕೊಂಡು ಮನೆಗೇ ಬನ್ನಿ.