ಬೆಣ್ಣೆಯ ಕಾಲಿಗೆ ಚುಚ್ಚಿದ ಗಾಜು ಯಾರದು?

ಕೋಪ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡ್ತೀನಿ. ನಾಳೆಗೆ ಮೆತ್ತಗಾಗಿಬಿಡ್ತೀನಿ, ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ನಮ್ಮ ಗಾಡಿಯೂ ಗೊತ್ತು. ಹಳೇ ಟೆಂಪೋ ಟ್ರಾವೆಲರ್. ಸೀಟು ಕಿತ್ತು ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ, ಆರ್‌ಟಿಓ ಕಚೇರಿಗೆ ಚಪ್ಪಲಿ ಸವೆಯುವಷ್ಟು ಓಡಾಡಿ ಆರ್‌ಸಿಯಲ್ಲಿ ಬರೆಸಿದ್ದು. ನನ್ನವಳು ಅದನ್ನು 'ನಿಮ್ಮ ಎರಡನೇ ಸಂಸಾರ' ಅಂತಾಳೆ. ಆ ಸಂಸಾರದಲ್ಲಿ ಇಬ್ಬರು. ಮುಧೋಳ ತಳಿಯ ನಾಯಿ ಕರಿಯ, ದೋಸೆ ಹೋಟೆಲಿನ ಹಿಂದೆ ಸಿಕ್ಕ ಬೀದಿನಾಯಿ ಮರಿ ಬೆಣ್ಣೆ. ದಾವಣಗೆರೆಯಲ್ಲಿ ಇನ್ನೇನು ಹೆಸರಿಡೋದು ಹೇಳಿ.

ಶನಿವಾರ ವಾಣಿವಿಲಾಸ ಸಾಗರದ ಹಿನ್ನೀರಿಗೆ ಹೋದೆವು. ನಮ್ಮ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು 1933 ಆದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲೇ. ಅವತ್ತು ನೋಡಿದ ನೀರು ತಲೆಯಿಂದ ಹೋಗಿಲ್ಲ, ಅದಕ್ಕೇ ಹೋದದ್ದು. ನೀರು ಕಾಣುವ ಒಂದು ಕ್ಯಾಂಪಿಗೆ ಮೊದಲೇ ಫೋನ್ ಮಾಡಿದ್ದೆ. 'ಬನ್ನಿ ಸಾರ್, ಪೆಟ್ ಫ್ರೆಂಡ್ಲಿ' ಅಂದಿದ್ದರು. ಹೋದ ಮೇಲೆ ಫ್ರೆಂಡ್‌ಶಿಪ್ ಏನು ಅಂತ ಗೊತ್ತಾಯಿತು. ಒಂದು ನಾಯಿಗೆ ಎಂಟುನೂರು ರೂಪಾಯಿ, ಅದೂ ಜನರೇಟರ್ ಶೆಡ್ಡಿನ ಪಕ್ಕ ಕಟ್ಟಬೇಕು. ನೀರಿನ ಹತ್ತಿರ ಬಿಡಂಗಿಲ್ಲ, 'ಗಲೀಜು ಮಾಡ್ತಾವೆ' ಅಂತ.

ಗಲೀಜು! ಈ ಪದ ನೆನಪಿಟ್ಟುಕೊಳ್ಳಿ.

ರಾತ್ರಿ ಪಕ್ಕದ ಟೆಂಟಿನ ಹುಡುಗರ ಸ್ಪೀಕರ್ ಎರಡು ಗಂಟೆವರೆಗೆ ಬಡಿಯಿತು. ಯಾರೂ ಮಾತಾಡಲಿಲ್ಲ. ಬೆಳಗ್ಗೆ ಐದೂವರೆಗೆ ಬೆಣ್ಣೆಯನ್ನು ಒಂದಕ್ಕೆ ಕರೆದುಕೊಂಡು ಹೋದೆ. ಹತ್ತು ಹೆಜ್ಜೆ ಇಟ್ಟಿಲ್ಲ, ಕುಂಯ್ ಅಂದಳು. ಮೊಬೈಲ್ ಟಾರ್ಚ್ ಹಾಕಿ ಪಾದ ತಿರುಗಿಸಿ ನೋಡಿದರೆ ಬೀರ್ ಬಾಟಲಿಯ ಕಂದು ಚೂರು, ಅಕ್ಕಿಕಾಳಿನಷ್ಟು, ಎರಡು ಬೆರಳಿನ ನಡುವೆ. ನನ್ನವಳ ಹುಬ್ಬಿನ ಚಿಮಟದಲ್ಲಿ ತೆಗೆದೆ. ಉಪ್ಪುನೀರಲ್ಲಿ ತೊಳೆದು ಬನಿಯನ್ ಹರಿದು ಕಟ್ಟಿದೆ. ಅಷ್ಟೂ ಹೊತ್ತು ಅವಳು ಬೊಗಳಲಿಲ್ಲ, ನನ್ನ ಮೊಣಕೈ ನೆಕ್ಕುತ್ತಿದ್ದಳು. ಕರಿಯ ಮಾತ್ರ ಎರಡು ಸಲ ಬೊಗಳಿದ.

ಎಂಟಕ್ಕೆ ಮ್ಯಾನೇಜರ್ ಬಂದರು. 'ಸಾರ್, ನಿಮ್ಮ ನಾಯಿ ಬೊಗಳಿತು ಅಂತ ಕಂಪ್ಲೇಂಟ್ ಇದೆ.'

ಬಾಟಲಿ ಒಡೆದವರು ಗೆಸ್ಟು. ನಾವು ಗಲೀಜು.

ನೀವು ಕೇಳ್ತೀರಿ, ನಾಯಿ ಕಂಡರೆ ಹೆದರುವವರು ಇಲ್ವಾ ಅಂತ. ಇದ್ದಾರೆ, ನಮ್ಮ ಅತ್ತೆಯೇ ಇದ್ದಾರೆ. ಹುಚ್ಚುನಾಯಿ ರೋಗ ಬಂದರೆ ಉಳಿಯಲ್ಲ, ಅದೂ ನಿಜ. ಅದಕ್ಕೇ ಲಸಿಕೆಯ ಕಾರ್ಡು ಡ್ಯಾಶ್‌ಬೋರ್ಡಿನಲ್ಲೇ ಇರುತ್ತೆ. ಒಬ್ಬರೂ ಕೇಳಿ ನೋಡಲಿಲ್ಲ. ಜೋಗಿಮಟ್ಟಿ ಕಾಡಿನೊಳಗೆ ನಾಯಿ ಬೇಡ ಅಂದರೆ ತಲೆಬಾಗ್ತೀನಿ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ 2018ರಲ್ಲಿ ಗಿರ್ ಸಿಂಹಗಳನ್ನೇ ಕೊಂದಿದೆ. ಅಮೆರಿಕದಲ್ಲಿರುವ ತಂಗಿ ಹೇಳ್ತಾಳೆ, ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ ಗಾಡಿ ನಿಲ್ಲಿಸುವ ಕಡೆ ನಾಯಿಗೆ ಜಾಗ ಇದೆ, ಆದರೆ ಹಗ್ಗ ಆರು ಅಡಿ ಮೀರಬಾರದು, ಕಾಡಿನ ಕಾಲುದಾರಿಗೆ ಹೆಚ್ಚಿನ ಕಡೆ ಬಿಡಲ್ಲ. ಸರಿ ತಾನೇ? ಆರು ಅಡಿ ಅಂದರೆ ಆರು ಅಡಿ. ಇಲ್ಲಿ ಫೋನಲ್ಲಿ ಫ್ರೆಂಡ್ಲಿ, ಗೇಟಲ್ಲಿ ಎಂಟುನೂರು.

ಮೈಲಾರಲಿಂಗನ ಭಕ್ತ ಗೊರವಯ್ಯ ನಾಯಿಯ ಹಾಗೆ ದೋಣಿ ಅನ್ನೋ ಪಾತ್ರೆಗೆ ಬಾಯಿಟ್ಟು ತಿನ್ನುವಾಗ ಕೈ ಮುಗಿಯುವ ಜನ ನಾವು. ನಿಜವಾದ ನಾಯಿ ಬಂದರೆ ಜನರೇಟರ್ ಶೆಡ್ಡು.

ಒಂದು ತಪ್ಪೊಪ್ಪಿಗೆಯೂ ಇರಲಿ, ಇಲ್ಲಾಂದ್ರೆ ನನ್ನವಳು ಕಾಮೆಂಟಿನಲ್ಲಿ ಹಾಕ್ತಾಳೆ. ಹೋದ ವರ್ಷ ಕೊಂಡಜ್ಜಿ ಕೆರೆ ಹತ್ತಿರ ಕರಿಯನ ಹಗ್ಗ ಬಿಚ್ಚಿದ್ದೆ. ಮುಧೋಳ, ಬೇಟೆನಾಯಿ. ಕಣ್ಣು ಮಿಟುಕಿಸುವುದರೊಳಗೆ ಕುರಿಮಂದೆಯೊಳಗಿದ್ದ. ಕುರಿಗೆ ಏನೂ ಆಗಲಿಲ್ಲ, ಬೈಗುಳ ಮಾತ್ರ ನನಗೆ ಜಾಸ್ತಿಯೇ ಆಯಿತು. ಬೇಕಾಗಿದ್ದೇ.

ಅದಕ್ಕೇ ನಿನ್ನೆ ವಾಪಸ್ ಬರುವಾಗ ಹೊಸದುರ್ಗದ ಕಡೆ ಹೊಲವೊಂದರಲ್ಲಿ ಕುರಿಮಂದೆ ತರುಬಿ ನಿಲ್ಲಿಸಿದ್ದು ಕಂಡು ನನಗೆ ಎದೆ ಢವಢವ. ಗಾಡಿ ದೂರವೇ ನಿಲ್ಲಿಸಿದೆ. ಕುರಿ ಕಾಯುವ ತಾತ ತಾನೇ ಬಂದರು. ಗೊಬ್ಬರ ಬೀಳಲಿ ಅಂತ ಹೊಲದವರೇ ಕರೆಸಿದ್ದಂತೆ, ಮೇಲೆ ಕಾಳೂ ಕೊಡ್ತಾರಂತೆ. ಸಂಸಾರ, ಪಾತ್ರೆ, ಮೂರು ನಾಯಿ, ಎಲ್ಲ ಜೊತೆಗೇ. ಲೆಕ್ಕ ಹಾಕಿದರೆ ನಮ್ಮ ಗಾಡಿಗಿಂತ ಹಳೇ ವ್ಯವಸ್ಥೆ, ಅದೂ ಕಾಳು ಕೊಟ್ಟು ಉಳಿಸಿಕೊಳ್ಳೋದು!

'ಕಟ್ ಬ್ಯಾಡ ಬಿಡಪ್ಪ, ಎಲ್ಲಿಗ್ ಹೋಗ್ತಾವೆ' ಅಂದರು ತಾತ. ಕರಿಯನ ಹಗ್ಗ ನಾನು ಬಿಡಲಿಲ್ಲ, ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಬೆಣ್ಣೆ ಕುಂಟುತ್ತಾ ಹೋಗಿ ಆ ಮೂರು ನಾಯಿಗಳ ನಡುವೆ ಮಲಗಿಬಿಟ್ಟಳು. ತಾತ ಬನಿಯನ್ ಕಟ್ಟು ನೋಡಿ 'ಏನಾತವ್ವ?' ಅಂತ ಅವಳನ್ನೇ ಕೇಳಿದರು.

ಹಿರಿಯೂರು, ಹೊಸದುರ್ಗದ ಕಡೆ ಒಂದು ರಾತ್ರಿ ಗಾಡಿ ನಿಲ್ಲಿಸಲು ಹೊಲ ಕೊಡುವವರಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಒಂದು ನಲ್ಲಿ ಇದ್ದರೆ ಸಾಕು. ಬಾಡಿಗೆ ಕೊಡ್ತೀನಿ, ಕರಿಯನನ್ನು ಕಟ್ಟಿರ್ತೀನಿ. ನೆಲದಲ್ಲಿ ಗಾಜು ಇರಬಾರದು, ಅಷ್ಟೇ.